‘ತಕ್ಕದ್ದು’ ಮತ್ತು ‘ಬಹುದು’

ಸಮಾಜಕಾರ್ಯ ಓದುವವರಿಗೆ ಸಾರ್ವಜನಿಕ ಕಾನೂನು ಏಕೆ ಬೇಕು ಎಂದು ಯಾರಾದರೂ ಕೇಳಿದರೆ, ಎಂ.ಎಸ್.ಡಬ್ಲ್ಯೂ. ಓದುವಾಗ ನಾನು ಬರೆದ ಒಂದು ತಪ್ಪು ಅರ್ಜಿ ನೆನಪಾಗುತ್ತದೆ. ಕ್ಷೇತ್ರಕಾರ್ಯಕ್ಕೆಂದು ಇಂಡಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೋಗುತ್ತಿದ್ದಾಗ ಅಜ್ಜಿಯೊಬ್ಬರು, “ನನ್ನ ಪಗಾರ ಬಂದ್ ಆಗ್ಯಾದ, ತಮ್ಮಾ” ಎಂದರು. ಸಂಧ್ಯಾ ಸುರಕ್ಷಾ ಪಿಂಚಣಿಯನ್ನು ನಮ್ಮ ಕಡೆಯ ಹಿರಿಯರು ಪಗಾರವೆಂದೇ ಕರೆಯುತ್ತಾರೆ. ನಾನು ಉತ್ಸಾಹದಿಂದ ಎರಡು ಪುಟದ ಅರ್ಜಿ ಬರೆದು ಪಂಚಾಯಿತಿಗೆ ಕೊಟ್ಟು, ಮೂರು ತಿಂಗಳು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮೇಜಿನ ಮುಂದೆ ನಿಂತೆ. ಅರ್ಜಿ ಹೋಗಬೇಕಾದದ್ದು ನಾಡಕಚೇರಿಗೆ, ಪಿಂಚಣಿ ಮಂಜೂರು ಮಾಡುವವರು ಕಂದಾಯ ಇಲಾಖೆಯ ತಹಶೀಲ್ದಾರರು ಎಂಬುದು ತಿಳಿದದ್ದು ಆಮೇಲೆ. ಸಮುದಾಯ ಸಂಘಟನೆಯ ಸಿದ್ಧಾಂತಗಳನ್ನು ಬಾಯಿಪಾಠ ಮಾಡಿದ್ದ ನನಗೆ ಯಾವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಅದಕ್ಕೆ ದಂಡ ತೆತ್ತವರು ಮಾತ್ರ ಆ ಅಜ್ಜಿ.

ಈಗ ವಿಜಯಪುರದಲ್ಲಿ ವಿದ್ಯಾರ್ಥಿಗಳ ಕ್ಷೇತ್ರಕಾರ್ಯವನ್ನು ನೋಡಿಕೊಳ್ಳುವ ನಾನು, ಮೊದಲ ತರಗತಿಯಲ್ಲೇ ಕಾಯ್ದೆಯ ಕನ್ನಡ ಪಠ್ಯವನ್ನೂ ಎರಡು ಬಣ್ಣದ ಪೆನ್ಸಿಲುಗಳನ್ನೂ ಅವರ ಕೈಗೆ ಕೊಡುತ್ತೇನೆ. ‘ಮಾಡತಕ್ಕದ್ದು’ ಎಂದಿದ್ದಲ್ಲಿ ಕೆಂಪು ಗೆರೆ, ‘ಮಾಡಬಹುದು’ ಎಂದಿದ್ದಲ್ಲಿ ನೀಲಿ ಗೆರೆ. ಮೊದಲನೆಯದು ಕರ್ತವ್ಯ, ಎರಡನೆಯದು ವಿವೇಚನೆ. ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ, ಸಂವಿಧಾನದ 73ನೆಯ ತಿದ್ದುಪಡಿಯನ್ನು ಹೀಗೆ ಓದಿದರೆ ಅದರ ಒಳಗುಟ್ಟು ಕೂಡಲೇ ಕಾಣುತ್ತದೆ. ಪಂಚಾಯಿತಿಗಳು ರಚನೆಯಾಗತಕ್ಕದ್ದು, ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳತಕ್ಕದ್ದು, ಇಲ್ಲೆಲ್ಲ ಕೆಂಪು. ಆದರೆ ಆ ಪಂಚಾಯಿತಿಗಳಿಗೆ ಅಧಿಕಾರ ಕೊಡುವ 243ಜಿ ವಿಧಿಗೆ ಬಂದರೆ, ರಾಜ್ಯದ ಶಾಸಕಾಂಗವು ಕೊಡಬಹುದು ಎಂದಿದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ದುರ್ಬಲ ವರ್ಗಗಳ ಕಲ್ಯಾಣ, ಪಡಿತರ ವಿತರಣೆ ಮುಂತಾಗಿ ಹನ್ನೊಂದನೆಯ ಅನುಸೂಚಿಯಲ್ಲಿರುವ 29 ವಿಷಯಗಳೆಲ್ಲ ಈ ನೀಲಿ ಗೆರೆಯ ಮೇಲೆ ನಿಂತಿವೆ. ಪರೀಕ್ಷೆಗೆ 29ನ್ನೂ ಉರುಹೊಡೆದವರು ಈ ಒಂದು ಕ್ರಿಯಾಪದವನ್ನು ಗಮನಿಸಿರುವುದಿಲ್ಲ.

ಹಾಗೆಂದು ‘ತಕ್ಕದ್ದು’ ಎಂದು ಬರೆದ ಮಾತ್ರಕ್ಕೆ ಕೆಲಸ ತಾನಾಗಿ ಆಗುವುದಿಲ್ಲ. 1983ರ ಪಂಚಾಯಿತಿ ಕಾಯ್ದೆಯ ಮೂಲಕ, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್‌ ಸಾಬರ ಕಾಲದಲ್ಲೇ ಅಧಿಕಾರ ವಿಕೇಂದ್ರೀಕರಣದ ದಾರಿ ತೋರಿದ ಕರ್ನಾಟಕದಲ್ಲಿ, 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕರ್ತವ್ಯವನ್ನು ಮಾಡಿಸಿಕೊಳ್ಳಲು 226ನೆಯ ವಿಧಿಯಡಿ ಉಚ್ಚ ನ್ಯಾಯಾಲಯಕ್ಕೆ ರಿಟ್, ಅಂದರೆ ಸರ್ಕಾರಕ್ಕೆ ಆದೇಶ ಕೊಡಿ ಎಂದು ಕೋರುವ ಅರ್ಜಿ, ಸಲ್ಲಿಸುವ ದಾರಿಯೇನೋ ಇದೆ. ಬಾಗಲಕೋಟೆಯವರು ಅದಕ್ಕಾಗಿ ಧಾರವಾಡ ಪೀಠಕ್ಕೆ, ಕೃಷ್ಣೆಯ ಈಚೆ ದಡದ ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಪ್ರಕರಣದಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಹೇಳಿದರೆ ಅದೇ ದೊಡ್ಡ ಸೇವೆ.

ನಮ್ಮ ಜಿಲ್ಲೆಗಳಲ್ಲಿ ಈ ವಿಷಯವನ್ನು ಕಲಿಯಲು ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಿಂತ ಬೇರೆ ಪಾಠಶಾಲೆ ಬೇಡ. ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿ, ಜನ ನವನಗರದ ಸೆಕ್ಟರುಗಳಿಗೆ ಬಂದದ್ದು 1894ರ ಭೂಸ್ವಾಧೀನ ಕಾಯ್ದೆಯ ಕಾಲದಲ್ಲಿ. ಆ ಕಾಯ್ದೆ ಜಮೀನಿನ ಬೆಲೆಯನ್ನು ಕೇಳುತ್ತಿತ್ತೇ ಹೊರತು ಒಡೆದುಹೋಗುವ ಬದುಕನ್ನು ಕೇಳುತ್ತಿರಲಿಲ್ಲ. 2013ರ ಹೊಸ ಕಾಯ್ದೆ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯತಕ್ಕದ್ದು, ಊರಿನಲ್ಲಿ ಅಹವಾಲು ಸಭೆ ಸೇರತಕ್ಕದ್ದು, ವರದಿಯನ್ನು ಪರಿಶೀಲಿಸುವ ತಜ್ಞರ ಗುಂಪಿನಲ್ಲಿ ಇಬ್ಬರು ಸರ್ಕಾರೇತರ ಸಮಾಜ ವಿಜ್ಞಾನಿಗಳೂ ಇಬ್ಬರು ಪುನರ್ವಸತಿ ತಜ್ಞರೂ ಇರತಕ್ಕದ್ದು ಎಂದಿತು. ಅಂದರೆ ಕಾನೂನೇ ನಮ್ಮ ವೃತ್ತಿಯವರಿಗೆ ಕುರ್ಚಿ ಹಾಕಿ ಕರೆದಂತಾಯಿತು. 2019ರಲ್ಲಿ ಕರ್ನಾಟಕ ತಂದ ತಿದ್ದುಪಡಿ, ಕೆಲವು ಬಗೆಯ ಯೋಜನೆಗಳಿಗೆ ಈ ಅಧ್ಯಯನದಿಂದ ವಿನಾಯಿತಿ ಕೊಡಬಹುದು ಎಂದು ಅದೇ ಕುರ್ಚಿಯನ್ನು ಅಷ್ಟು ಹಿಂದಕ್ಕೆ ಸರಿಸಿತು. ಕೆಂಪಿನ ಮೇಲೆ ನೀಲಿ ಎಳೆದದ್ದು ಹೀಗೆ.

ಈ ವರ್ಷದ ವಿದ್ಯಾರ್ಥಿನಿಯೊಬ್ಬಳು ಗ್ರಾಮ ಸಭೆಯ ಬಗ್ಗೆ ತಾನು ಕೊಟ್ಟ ಅರ್ಜಿಗೆ ಬಂದ ಹಿಂಬರಹವನ್ನು ತಂದು ತೋರಿಸಿದಳು. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕೆಂಬ ನಿಯಮವನ್ನು ಅವಳು ಪ್ರಕರಣದ ಸಂಖ್ಯೆಯೊಂದಿಗೆ ಉಲ್ಲೇಖಿಸಿದ್ದಳು, ಬಂದ ಉತ್ತರ, “ಕ್ರಮ ಕೈಗೊಳ್ಳಲಾಗುವುದು.” ಇದಕ್ಕೆ ಯಾವ ಬಣ್ಣ ಹಚ್ಚಲಿ ಸರ್, ಎಂದು ಕೇಳಿದಳು. ಕರ್ತೃವೂ ಇಲ್ಲದ, ಕಾಲವೂ ಇಲ್ಲದ ಆ ವಾಕ್ಯಕ್ಕೆ ನನ್ನ ಬಳಿ ಪೆನ್ಸಿಲ್ ಇರಲಿಲ್ಲ. ಅವಳೇ ಅದರ ಪಕ್ಕದಲ್ಲಿ ‘ಯಾರು? ಯಾವಾಗ?’ ಎಂದು ಬರೆದುಕೊಂಡು, ಮರುದಿನ ಅವೆರಡನ್ನೇ ಮಾಹಿತಿ ಹಕ್ಕು ಅರ್ಜಿಯ ಪ್ರಶ್ನೆಗಳನ್ನಾಗಿಸಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಟಪಾಲಿಗೆ ಕೊಟ್ಟು ಸ್ವೀಕೃತಿ ಪಡೆದು ಬಂದಳು. ಉತ್ತರ ಕೊಡಲು ಕಾಯ್ದೆ ಹಾಕಿರುವ ಗಡುವು 30 ದಿನ. ಇಂದಿಗೆ 19 ಆಗಿವೆ.