ಎಕ್ಸ್‌ರೇ ಕವರ್ ಆಮೇಲೆ ಕೊಡಿ

ನಮ್ಮ ಕಡೆ ಮೂಳೆ-ಕೀಲು ತಪಾಸಣೆ ಶಿಬಿರ ಅಂತ ಆಟೋಗೆ ಮೈಕ್ ಕಟ್ಟಿ ಕೂಗಿಸಿದರೆ, ಜನ ಮೊದಲು ಹುಡುಕುವುದು ಬೀರುವಿನಲ್ಲಿರುವ ಎಕ್ಸ್‌ರೇ ಕವರನ್ನು. ಹಳೆಯದು, ಹೊಸದು, ಗಂಡನದು, ಅತ್ತೆಯದು, ಎಲ್ಲ ಒಂದೇ ಕವರಿನಲ್ಲಿ ಇರುತ್ತೆ. ಕುರ್ಚಿಯಲ್ಲಿ ಕೂರುವ ಮೊದಲೇ ಅದನ್ನು ಮೇಜಿನ ಮೇಲಿಟ್ಟು, "ನೋಡಿ ಮೇಡಂ, ಮಂಡಿ ಸವೆದಿದೆಯಂತೆ" ಅನ್ನುತ್ತಾರೆ. ನಾನು ಕವರನ್ನು ಹಾಗೇ ಪಕ್ಕಕ್ಕೆ ಸರಿಸುತ್ತೇನೆ. ಆಗ ಅವರ ಮುಖ ನೋಡಬೇಕು. ಈಯಮ್ಮನಿಗೆ ಎಕ್ಸ್‌ರೇ ಓದೋಕೆ ಬರಲ್ವೇನೋ ಅನ್ನೋ ಅನುಮಾನ!

ನಾನು ಚಿಕ್ಕಬಳ್ಳಾಪುರದಲ್ಲಿ ಫಿಜಿಯೋಥೆರಪಿಸ್ಟ್. ಹೋದ ತಿಂಗಳು ಒಂದು ಭಾನುವಾರ ಬಾಗೇಪಲ್ಲಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಿಬಿರ ಇತ್ತು. ಜಾಗ, ಹಾಲಿನ ಡೈರಿ. ಬೆಳಗಿನ ಹಾಲು ಅಳೆದು, ಕ್ಯಾನುಗಳು ಲಾರಿ ಹತ್ತಿ ಹೋದ ಮೇಲೆ ನೆಲ ತೊಳೆದು ನಮಗೆ ಬಿಟ್ಟುಕೊಟ್ಟಿದ್ದರು. ಒಳಗಿನ ರೂಮಿನಲ್ಲಿ ಮೂಳೆ ಡಾಕ್ಟರು, ಹೊರಗಿನ ಮೊದಲ ಮೇಜಿನಲ್ಲಿ ನಾನು. ಬಂದವರನ್ನು ನೋಡಿ, ಕೈಕಾಲು ಆಡಿಸಿ, ಏನಿರಬಹುದು ಅಂತ ಚೀಟಿಯಲ್ಲಿ ಬರೆದು ಒಳಗೆ ಕಳಿಸುವುದು ನನ್ನ ಕೆಲಸ.

ನನ್ನ ಕುರ್ಚಿಯನ್ನು ಬೇಕಂತಲೇ ಬಾಗಿಲಿನಿಂದ ದೂರ ಹಾಕಿಸಿಕೊಂಡೆ. ಬಾಗಿಲಿನಿಂದ ನನ್ನ ತನಕ ಅವರು ನಡೆದು ಬರಬೇಕು, ಅಷ್ಟೇ. ಯಾವ ಕಾಲಿನ ಮೇಲೆ ಕಡಿಮೆ ಹೊತ್ತು ನಿಲ್ಲುತ್ತಾರೆ, ಕೈ ಬೀಸುತ್ತಾರಾ ಇಲ್ವಾ, ಚಪ್ಪಲಿ ಬಿಡುವಾಗ ಗೋಡೆ ಹಿಡಿಯುತ್ತಾರಾ, ಕೂರುವಾಗ ಧೊಪ್ಪಂತ ಬೀಳುತ್ತಾರಾ, ಇದೆಲ್ಲ ಬಾಯಿ ತೆರೆಯುವ ಮೊದಲೇ ಗೊತ್ತಾಗುತ್ತೆ. ಬ್ರಿಟನ್ನಿನ ವೈದ್ಯರು 1992ರಲ್ಲಿ ಇದಕ್ಕೆಲ್ಲ ಒಂದು ಚಿಕ್ಕ ಕ್ರಮ ಮಾಡಿಕೊಟ್ಟರು. ನಡಿಗೆ, ಕೈ, ಕಾಲು, ಬೆನ್ನು, ಈ ನಾಲ್ಕನ್ನು ಒಂದೆರಡು ನಿಮಿಷದಲ್ಲಿ ನೋಡಿ ಮುಗಿಸುವುದು. ಅದಕ್ಕೂ ಮೊದಲು ಮೂರು ಪ್ರಶ್ನೆ. ಎಲ್ಲಾದರೂ ನೋವು, ಬಿಗಿತ ಇದೆಯಾ? ಬಟ್ಟೆ ನೀವೇ ಹಾಕಿಕೊಳ್ಳುತ್ತೀರಾ? ಮೆಟ್ಟಿಲು ಹತ್ತಿ ಇಳಿಯೋಕೆ ಕಷ್ಟವಾ? ನಮ್ಮ ಹಳ್ಳಿಗಳಿಗೆ ನಾನು ಇದನ್ನು ಸ್ವಲ್ಪ ಬದಲಾಯಿಸಿಕೊಂಡಿದ್ದೇನೆ. ಜಡೆ ಹಾಕ್ಕೊಳ್ತೀರಾ, ಕುಕ್ಕರಗಾಲಲ್ಲಿ ಕೂತು ಏಳ್ತೀರಾ, ಊಟಕ್ಕೆ ಚಕ್ಕಳಮಕ್ಕಳ ಹಾಕ್ತೀರಾ? ಹೆಂಗಸರಿಗೆ ಸುಮ್ನೆ "ಭುಜ ಎತ್ತಿ" ಅನ್ನುವುದಕ್ಕಿಂತ "ರವಿಕೆ ಹುಕ್ಕು ಹಾಕೋದು ಹೇಗೆ ತೋರಿಸಿ" ಅಂದರೆ ಜಾಸ್ತಿ ತಿಳಿಯುತ್ತೆ.

ಮೊದಲು ಬಂದವರು ಎರಡು ಸೀಮೆಹಸು ಕಟ್ಟಿಕೊಂಡಿರುವ ಒಬ್ಬ ಅಕ್ಕ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೂ ನೋವು. "ಗ್ಯಾಸ್ ಹಿಡ್ಕೊಂಡಿದೆ ಮೇಡಂ" ಅಂದರು. ಮೈಯಲ್ಲಿ ಎಲ್ಲಿ ನೋವಾದರೂ ಗ್ಯಾಸೇ, ಏನು ಮಾಡೋದು. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿಸಿದೆ. ಮುಷ್ಟಿಯನ್ನು ನಿಧಾನವಾಗಿ ಕಿರುಬೆರಳಿನ ಕಡೆಗೆ ಬಗ್ಗಿಸಿದೆ. "ಅಯ್ಯಯ್ಯೋ!" ಅಂತ ಕೈ ಕಿತ್ತುಕೊಂಡರು. ಫಿಂಕೆಲ್‌ಸ್ಟೈನ್ ಪರೀಕ್ಷೆ ಅಂತ ಸಾಮಾನ್ಯವಾಗಿ ಕರೆಯುವುದು ಇದನ್ನೇ. ಹೆಬ್ಬೆರಳನ್ನು ಎಳೆಯುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಹತ್ತಿರ ಒಂದು ಕಿರಿದಾದ ಒರೆಯೊಳಗೆ ಹಾದುಹೋಗುತ್ತವೆ. ಅಲ್ಲಿ ಊತ ಬಂದರೆ ಹೀಗಾಗುತ್ತೆ.

ಅಷ್ಟೊತ್ತಿಗೆ ಸಾಲಿನಲ್ಲಿದ್ದವರೆಲ್ಲ ಮುಷ್ಟಿ ಕಟ್ಟಿ ಬಗ್ಗಿಸಿ ನೋಡಿಕೊಳ್ಳುತ್ತಿದ್ದರು. "ನನಗೂ ಎಳೀತದೆ ಮೇಡಂ", "ನನಗೂ". ಎಳೆದೇ ಎಳೆಯುತ್ತೆ, ಯಾರಿಗಾದರೂ ಸ್ವಲ್ಪ ಎಳೆಯುತ್ತೆ. ಅದಕ್ಕೇ ಇನ್ನೊಂದು ಕೈಯನ್ನೂ ನೋಡಬೇಕು. ನೋವಿಲ್ಲದ ಕೈಗೂ ನೋವಿರುವ ಕೈಗೂ ಎಷ್ಟು ವ್ಯತ್ಯಾಸ ಅನ್ನುವುದೇ ಲೆಕ್ಕ. ಇದನ್ನು ಜೋರಾಗಿ ಹೇಳಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ಹಾಲು ಹೇಗೆ ಕರೀತೀರಾ ತೋರಿಸಿ ಅಂದೆ. ನನ್ನ ಬೆರಳನ್ನೇ ಹಿಡಿದು ತೋರಿಸಿದರು. ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಅದರ ಗೆಣ್ಣಿನಿಂದ ಮೊಲೆತೊಟ್ಟನ್ನು ಒತ್ತುವ ರೂಢಿ. ಪಶುವೈದ್ಯರೂ ಹಾಗೆ ಕರೆಯಬೇಡಿ ಅನ್ನುತ್ತಾರೆ, ಕೆಚ್ಚಲಿಗೆ ಪೆಟ್ಟು ಅಂತ. ಇಡೀ ಅಂಗೈಯಿಂದ ಹಿಡಿದು ಕರೆದರೆ ಹಸುವಿಗೂ ಒಳ್ಳೇದು, ನಿಮಗೂ ಒಳ್ಳೇದು ಅಂದೆ. "ನಮ್ಮತ್ತೆ ಹಿಂಗೇ ಕಲಿಸಿದ್ದು" ಅಂದರು. ಪಕ್ಕದಲ್ಲೇ ಕೂತಿದ್ದ ಅತ್ತೆ ಬೇರೆ ಕಡೆ ನೋಡಿದರು. ಸದ್ಯಕ್ಕೆ ಹೆಬ್ಬೆರಳಿಗೆ ಪಟ್ಟಿ, ಕೆಲವು ದಿನ ಮನೆಯ ಬೇರೆಯವರು ಹಾಲು ಕರೆಯುವುದು. ಪಟ್ಟಿ ಸುಲಭ, ಎರಡನೆಯದು ಆ ಮನೆಯಲ್ಲಿ ನಡೆಯುತ್ತೋ ಇಲ್ವೋ.

ಡೈರಿಯ ಸೆಕ್ರೆಟರಿ ತಾವೇ ಸಾಲು ತಪ್ಪಿಸಿ ಬಂದರು. ಕಟ್ಟಡ ಅವರದು, ಇರಲಿ. ಎಡ ಭುಜ ಎತ್ತೋಕೆ ಆಗ್ತಿಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗೋಕಾಗಲ್ಲ. ಭುಜದ ವಿಷಯದಲ್ಲಿ ನಾನು ಮೊದಲು ನೋಡುವುದು ಒಂದೇ. ಅವರಿಗೆ ಎತ್ತೋಕೆ ಆಗಲ್ಲ ಸರಿ, ನಾನು ಎತ್ತಿದರೆ ಬರುತ್ತಾ? ಅವರಿಗಾಗದೆ ನನಗಾದರೆ, ಕೀಲು ಚೆನ್ನಾಗಿದೆ, ಅದನ್ನು ಎತ್ತುವ ಸ್ನಾಯುರಜ್ಜು ಹರಿದಿರಬಹುದು. ಇಬ್ಬರಿಗೂ ಆಗದಿದ್ದರೆ ಕೀಲಿನ ಚೀಲವೇ ಬಿಗಿದುಕೊಂಡಿರಬಹುದು. ಮೊಣಕೈಯನ್ನು ಪಕ್ಕೆಗೆ ಒತ್ತಿಸಿ ಮುಂಗೈಯನ್ನು ಹೊರಕ್ಕೆ ತಿರುಗಿಸಿದೆ. ಬಲಗೈ ಸಲೀಸಾಗಿ ಹೋಯಿತು, ಎಡಗೈ ಹೊರಟ ಜಾಗದಲ್ಲೇ ನಿಂತಿತು. "ಸಾರ್, ಶುಗರ್ ಇದೆಯಾ?" ಅಂದೆ. "ಅದು ಹೇಗೆ ಗೊತ್ತಾಯ್ತು?" ಅಂತ ಗಾಬರಿಯಾದರು. ಹೀಗೆ ಭುಜದ ಕೀಲು ಬಿಗಿದುಕೊಳ್ಳುವುದಕ್ಕೆ ಫ್ರೋಜನ್ ಶೋಲ್ಡರ್ ಅನ್ನುತ್ತಾರೆ, ಅದು ಬಂದವರನ್ನೆಲ್ಲ ನಾನು ಕೇಳುವ ಪ್ರಶ್ನೆ ಇದು. ಶುಗರ್ ಇರುವವರಿಗೆ ಇದು ಜಾಸ್ತಿ.

ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗಿ ಕೊಡವಿಕೊಳ್ಳುವವರು ಒಂದಷ್ಟು ಜನ ಬಂದರು. ಯಾವ ಬೆರಳು ಅಂತ ಕೇಳಿದರೆ ಅರ್ಧ ಕೆಲಸ ಮುಗಿಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಕಿರುಬೆರಳು ಅಂದರೆ ಮೊಣಕೈ ನೋಡಬೇಕು. ಕೈ ಇಡೀ ಅಂದರೆ, ಮನೆಗೆ ಹೋಗಿ ಇವತ್ತು ರಾತ್ರಿ ಗಮನಿಸಿ, ಆಮೇಲೆ ಹೇಳಿ ಅನ್ನುತ್ತೇನೆ.

ಹನ್ನೊಂದು ಗಂಟೆ ದಾಟಿರಬೇಕು, ಮಗನ ತೋಳು ಹಿಡಿದು ಒಬ್ಬರು ಅಜ್ಜಿ ಬಂದರು. ಕನ್ನಡ ತೆಲುಗು ಎರಡೂ ಕಲಸಿದ ಮಾತು, ಈ ಕಡೆ ಎಲ್ಲರದ್ದೂ ಹಾಗೇ. ಬಲ ಮಂಡಿ ನೋವು. ಮಗ ಕವರ್ ತೆಗೆದ. ಮಂಡಿಯ ಎಕ್ಸ್‌ರೇ, ಮಂಡಿಗೆ ಹಾಕಿಸಿದ ಇಂಜೆಕ್ಷನ್ ಚೀಟಿ, ಮಂಡಿಗೆ ತಿಕ್ಕುವ ತೈಲದ ಬಾಟಲಿ, ಮಂಡಿಗೆ ಹಾಕುವ ಎಲಾಸ್ಟಿಕ್ ಚೀಲ. ಎಲ್ಲವೂ ಮಂಡಿಗೇ. ಎಕ್ಸ್‌ರೇಯಲ್ಲಿ ಸವೆತ ಇದ್ದದ್ದೂ ನಿಜ. ಆದರೆ ಆ ವಯಸ್ಸಿನವರ ಮಂಡಿಯಲ್ಲಿ ಸವೆತ ಇಲ್ಲದಿದ್ದರೇ ಆಶ್ಚರ್ಯ. ಸವೆದ ಮಂಡಿಯಲ್ಲಿ ನೋವೇ ಇಲ್ಲದೆ ಓಡಾಡಿಕೊಂಡಿರುವವರು ಬೇಕಾದಷ್ಟು ಜನ ಇದ್ದಾರೆ.

ಅಜ್ಜಿ ನಡೆದು ಬಂದದ್ದು ನನಗೆ ಮಂಡಿ ನೋವಿನವರ ಥರ ಕಾಣಿಸಲಿಲ್ಲ. ಬಲ ಪಾದ ಹೊರಕ್ಕೆ ತಿರುಗಿತ್ತು. ಬಲಗಾಲು ಊರಿದಾಗಲೆಲ್ಲ ಮೈ ಇಡೀ ಬಲಕ್ಕೆ ವಾಲುತ್ತಿತ್ತು. ಬೆಂಚಿನ ಮೇಲೆ ಜಮಖಾನ ಹಾಸಿ ಮಲಗಿಸಿದೆವು. ಸೊಸೆ ಬೆಡ್‌ಶೀಟ್ ಅಡ್ಡ ಹಿಡಿದಳು. ಎರಡೂ ಮಂಡಿಯ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿದೆ, ಬಿಸಿ ಇಲ್ಲ. ಮಂಡಿಚಿಪ್ಪಿನ ಮೇಲ್ಭಾಗವನ್ನು ಒಂದು ಕೈಯಿಂದ ಕೆಳಕ್ಕೆ ಒತ್ತಿ ಹಿಡಿದು ಚಿಪ್ಪನ್ನು ಬೆರಳಿನಿಂದ ತಟ್ಟಿದೆ. ಒಳಗೆ ನೀರು ತುಂಬಿದ್ದರೆ ಚಿಪ್ಪು ತೇಲಿ ಕೆಳಗಿನ ಮೂಳೆಗೆ ಟಕ್ ಅಂತ ತಾಗುತ್ತೆ. ಹಾಗೇನೂ ಆಗಲಿಲ್ಲ. ಮಂಡಿ ಮಡಿಸಿದರೆ ಒಳಗೆ ಕರಕರ ಅನ್ನುತ್ತಿತ್ತು, ನೋವಿಲ್ಲ. "ಅಜ್ಜಿ, ನೋವಾಯ್ತಾ?" "ಇಲ್ಲ ಕಣಮ್ಮ."

ಆಮೇಲೆ ಮಂಡಿಯನ್ನು ಮಡಿಸಿ ಹಿಡಿದು, ಪಾದವನ್ನು ನಿಧಾನ ಹೊರಕ್ಕೆ ತಂದೆ. ಹೀಗೆ ಮಾಡಿದರೆ ಮೇಲೆ ತೊಡೆಸಂದಿನ ಕೀಲು ಒಳಕ್ಕೆ ತಿರುಗುತ್ತೆ. ಎಡಗಾಲು ಆರಾಮಾಗಿ ಬಂತು. ಬಲಗಾಲನ್ನು ಸ್ವಲ್ಪ ತರುವಷ್ಟರಲ್ಲೇ ಅಜ್ಜಿ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು, ಸೊಂಟ ಜಮಖಾನದಿಂದ ಮೇಲೆದ್ದಿತು.

"ಎಲ್ಲಿ ಅಜ್ಜಿ ನೋವು?"

"ಅದೇ ಮಂಡೀಲಿ!"

ನನಗೆ ಆ ದಿನ ಬಹಳ ಖುಷಿ ಕೊಟ್ಟ ಉತ್ತರ ಅದು, ಅಜ್ಜಿಗೆ ನೋವಾಗಿದ್ದರೂ. ನಾನು ಆಡಿಸಿದ್ದು ತೊಡೆಸಂದಿನ ಕೀಲನ್ನು, ನೋವು ಕಂಡದ್ದು ಮಂಡಿಯಲ್ಲಿ. ಎರಡು ಕೀಲುಗಳಿಗೂ ಅವೇ ನರಗಳ ಕೊಂಬೆಗಳು ಹೋಗುತ್ತವೆ, ಹಾಗಾಗಿ ಮಿದುಳಿಗೆ ವಿಳಾಸ ತಪ್ಪುತ್ತೆ. ತೊಡೆಸಂದಿನ ಸವೆತದಲ್ಲಿ ಮೊದಲು ಕಡಿಮೆಯಾಗುವುದು ಈ ಒಳತಿರುಗುವಿಕೆಯೇ. ಮಂಡಿ ನೋವು ಅಂತ ಯಾರೇ ಬರಲಿ, ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಮುಟ್ಟದೆ ಕಳಿಸಬಾರದು ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ. ಆದರೆ ಕವರಿನಲ್ಲಿ ಮಂಡಿಯ ಎಕ್ಸ್‌ರೇ ಇದೆ, ಅದರಲ್ಲಿ ಸವೆತವೂ ಇದೆ, ಹೊರಗೆ ಸಾಲು ಬೇರೆ ಇದೆ. ಯಾರು ಮಲಗಿಸಿ ನೋಡ್ತಾರೆ? ನನಗೆ ಸಿಟ್ಟು ಬರುವುದು ಇಲ್ಲೇ. ಅಜ್ಜಿಯ ಸೊಂಟದ ಭಾಗವನ್ನು ಇಷ್ಟು ದಿನ ಒಬ್ಬರೂ ಮುಟ್ಟಿಯೇ ಇರಲಿಲ್ಲ. ಚೀಟಿಯಲ್ಲಿ 'ಬಲ ತೊಡೆಸಂದು, ಸೊಂಟದ ಎಕ್ಸ್‌ರೇ ಬೇಕು' ಅಂತ ಬರೆದು ಒಳಗೆ ಕಳಿಸಿದೆ. ಡಾಕ್ಟರು ಮತ್ತೊಮ್ಮೆ ತಿರುಗಿಸಿ ನೋಡಿ ಹೂಂ ಅಂದರು.

ಊಟ ಆದ ಮೇಲೆ ಬಂದವರು ಐವತ್ತರ ಆಸುಪಾಸಿನ ಒಬ್ಬ ಅಣ್ಣ. ಬಾಗಿಲ ಹತ್ತಿರ ಯಾರೋ ಹಿಂದಿನಿಂದ ಕೂಗಿದರು. ಕತ್ತು ತಿರುಗಿಸದೆ, ಬೀರುವನ್ನು ತಿರುಗಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸಿ ನೋಡಿದರು. ಬೆನ್ನು ನೋವು, ಡಿಸ್ಕ್ ಜಾರಿದೆ ಅಂತ ಯಾರೋ ಹೇಳಿದ್ದಾರಂತೆ. ಮಲಗಿಸಿ ಒಂದೊಂದೇ ಕಾಲನ್ನು ನೇರವಾಗಿ ಮೇಲೆತ್ತಿದೆ. ಡಿಸ್ಕು ನರವನ್ನು ಒತ್ತುತ್ತಿದ್ದರೆ ಮಂಡಿಯಿಂದ ಕೆಳಗೂ ಕರೆಂಟ್ ಹೊಡೆದಂತೆ ನೋವು ಇಳಿಯಬೇಕು. ಇವರಿಗೆ ಹಾಗೇನೂ ಇಲ್ಲ. ಬರೀ ಬಿಗಿ, ಎಲ್ಲ ಕಡೆ ಬಿಗಿ.

ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ನೆಲದ ಮೇಲೆ ಇಟ್ಟೆ. "ಅಣ್ಣ, ಮಂಡಿ ಮಡಿಸದೆ ಇದನ್ನ ಎತ್ಕೊಡಿ." ಬಗ್ಗಿದರು. ಕೈ ಮಂಡಿಯ ಹತ್ತಿರ ನಿಂತಿತು. ಕೊನೆಗೆ ಮಂಡಿ ಮಡಿಸಿ, ಮೇಜು ಹಿಡಿದುಕೊಂಡು ಎತ್ತಿದರು. ಗದ್ದವನ್ನು ಎದೆಗೆ ಮುಟ್ಟಿಸಿ ಅಂದೆ. ನಡುವೆ ನನ್ನ ಮೂರು ಬೆರಳು ಹಿಡಿಸುವಷ್ಟು ಜಾಗ ಉಳಿಯಿತು. ಕೈಗಳನ್ನು ಅಗಲ ಚಾಚಿ, ಮಡಿಸಿ, ತಲೆಯ ಹಿಂದೆ ಇಡಿ ಅಂದೆ. ಕಿವಿಯ ತನಕ ಬಂದವು, ಅಷ್ಟೇ. ಈ ಮೂರೂ ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು, ಮೂಳೆ ಕೆಡುವ ಕಾಯಿಲೆ, ಅದರ ಅನುಮಾನ ಬಂದಾಗ ಮಾಡುವ ಪರೀಕ್ಷೆಗಳು. ಯಂತ್ರ ಬೇಡ, ಕರೆಂಟ್ ಬೇಡ, ಒಂದು ನಾಣ್ಯ ಸಾಕು. ಬಾಗೇಪಲ್ಲಿ, ಪಾವಗಡ ಕಡೆ ಕೆಲಸ ಮಾಡುವವರು ಯಾರೂ ಇದನ್ನು ಮರೆಯಬಾರದು.

"ಹಲ್ಲು ತೋರಿಸಿ" ಅಂದೆ. ಕಂದು ಪಟ್ಟಿ ಪಟ್ಟಿ. ಚಿಕ್ಕಂದಿನಿಂದ ಇದೇ ಊರು, ಇದೇ ಬೋರ್ ನೀರು. ಹಲ್ಲು ಹುಟ್ಟಿ ಬೆಳೆಯುವ ವಯಸ್ಸಿನಲ್ಲಿ ಆ ನೀರು ಕುಡಿದರೆ ಮಾತ್ರ ಹಲ್ಲಿಗೆ ಈ ಬಣ್ಣ ಬರುತ್ತೆ. ಅವರ ಹೆಂಡತಿ ಮದುವೆಯಾಗಿ ಬೇರೆ ಕಡೆಯಿಂದ ಬಂದವರು, ಹಲ್ಲು ಬೆಳ್ಳಗೆ. ಹಾಗಂತ ಅವರನ್ನು ಬಿಡಲಿಲ್ಲ, ಅವರಿಗೂ ನಾಣ್ಯ ಎತ್ತಿಸಿದೆ. ಎತ್ತಿದರು, ಆದರೆ ಸೊಂಟ ಹಿಡಿದುಕೊಂಡೇ ಮೇಲೆದ್ದರು. ಹಲ್ಲು ಚೆನ್ನಾಗಿದ್ದ ಮಾತ್ರಕ್ಕೆ ಮೂಳೆ ಚೆನ್ನಾಗಿದೆ ಅಂತ ಅಲ್ಲ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಫ್ಲೋರೈಡ್ ಇರಬೇಕು. ಬೇರೆ ಗತಿಯಿಲ್ಲದ ಕಡೆ 1.5ರ ತನಕ ಒಪ್ಪಬಹುದು. ಕೆರೆ, ಬಾವಿ ಒಣಗಿ ಸಾವಿರ ಅಡಿ ದಾಟಿ ಕೊರೆಯುತ್ತಿರುವ ನಮ್ಮ ಸೀಮೆಯಲ್ಲಿ ಅದನ್ನು ಮೀರಿದ ಬೋರ್‌ವೆಲ್‌ಗಳು ಬೇಕಾದಷ್ಟಿವೆ. "ನಾವು ಕಾಯಿಸೇ ಕುಡಿಯೋದು ಮೇಡಂ" ಅಂದರು ಆ ಅಣ್ಣ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತೆ ಅಷ್ಟೇ. ಊರಲ್ಲಿ ಶುದ್ಧ ನೀರಿನ ಘಟಕ ಇದೆ, ಕಾಯಿನ್ ಹಾಕಿದರೆ ಕ್ಯಾನು ತುಂಬುತ್ತೆ. ಅದು ಕೆಟ್ಟಿತ್ತು. ಎಂದಿನಿಂದ ಅಂದರೆ ಒಬ್ಬೊಬ್ಬರು ಒಂದೊಂದು ಹೇಳಿದರು.

ಡಾಕ್ಟರು ಬೆನ್ನು ನೋವಿಗೆ ಮುಂಗೈಯ ಎಕ್ಸ್‌ರೇ ಬರೆದಾಗ ಆ ಅಣ್ಣನಿಗೆ ಅರ್ಥವೇ ಆಗಲಿಲ್ಲ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಫ್ಲೋರೋಸಿಸ್‌ನಲ್ಲಿ ಸುಣ್ಣಗಟ್ಟುತ್ತೆ, ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತೆ. ಜೊತೆಗೆ ಮೂತ್ರದ ಫ್ಲೋರೈಡ್ ಪರೀಕ್ಷೆ. ಬಿಗಿದ ಬೆನ್ನನ್ನು ಮೊದಲಿನ ಹಾಗೆ ಮಾಡುವ ಔಷಧಿ ಇಲ್ಲ. ನೀರು ಬದಲಾಯಿಸಬೇಕು, ಹಾಲು, ಸೊಪ್ಪು, ನೆಲ್ಲಿಕಾಯಿ ತಿನ್ನಬೇಕು, ಇರುವಷ್ಟು ಚಲನೆ ಉಳಿಸಿಕೊಳ್ಳೋಕೆ ವ್ಯಾಯಾಮ. ಮನೆಯ ಹಾಲೆಲ್ಲ ಡೈರಿಗೆ ಹೋಗುತ್ತೆ ಅನ್ನುವುದು ನನಗೂ ಗೊತ್ತು, ಆದರೂ ಹೇಳಿದೆ.

ಅವರ ಹಿಂದೆಯೇ ಬಂದ ಹುಡುಗನಿಗೂ ಬೆನ್ನು ಬಿಗಿ, ಆದರೆ ಕಥೆ ಬೇರೆ. ಬೆಳಗಿನ ಜಾವ ನೋವಿಗೆ ಎಚ್ಚರ, ಹೊಲಕ್ಕೆ ಹೋಗಿ ಒಂದು ಗಂಟೆ ಕೆಲಸ ಮಾಡಿದರೆ ಆರಾಮ, ಕೂತರೆ ಮತ್ತೆ ಬಿಗಿ. ಸೊಂಟದ ಎರಡು ಗುಳಿಗಳ ಮಟ್ಟದಲ್ಲಿ ಒಂದು ಗುರುತು, ಅಲ್ಲಿಂದ 10 ಸೆಂಟಿಮೀಟರ್ ಮೇಲೆ ಇನ್ನೊಂದು. ಬಗ್ಗಿದಾಗ ಆ ಅಂತರ 15ರ ಹತ್ತಿರ ಹೋಗಬೇಕು. ಅವನದು 12 ದಾಟಲಿಲ್ಲ. ದುಡಿದರೆ ಹೆಚ್ಚಾಗುವ ನೋವಿಗೂ ದುಡಿದರೆ ಕಡಿಮೆಯಾಗುವ ನೋವಿಗೂ ಬಹಳ ವ್ಯತ್ಯಾಸ ಇದೆ, ಎರಡನೆಯದು ಬೆನ್ನುಮೂಳೆಯ ಉರಿಯೂತ ಇರಬಹುದು. ಅವನನ್ನು ರಕ್ತ ಪರೀಕ್ಷೆಗೆ, ವಾತರೋಗ ತಜ್ಞರ ಹತ್ತಿರ ಕಳಿಸಿದರು.

ಅಜ್ಜಿಯ ಮಗ ಮುಂದಿನ ವಾರ ಫೋನ್ ಮಾಡಿದ. ಸೊಂಟದ ಎಕ್ಸ್‌ರೇಯಲ್ಲಿ ಬಲ ತೊಡೆಸಂದಿನ ಕೀಲು ಪೂರ್ತಿ ಸವೆದಿದೆ, ಕೀಲು ಬದಲಿಸುವ ಆಪರೇಷನ್ ಬಗ್ಗೆ ಡಾಕ್ಟರು ಹೇಳಿದ್ದಾರೆ, ಅಜ್ಜಿ ಇನ್ನೂ ಒಪ್ಪಿಲ್ಲ. ಅಲ್ಲಿಯವರೆಗೂ ಕೋಲು ಹಿಡಿಯಲಿ, ಎಡಗೈಯಲ್ಲಿ ಅಂದೆ. ನೋವಿರುವ ಸೊಂಟದ ಎದುರು ಕೈಯಲ್ಲಿ ಕೋಲಿದ್ದರೇ ಆ ಕೀಲಿನ ಮೇಲಿನ ಭಾರ ಕಡಿಮೆಯಾಗುವುದು. ಫೋನು ಅಜ್ಜಿಯ ಕೈಗೆ ಹೋಯಿತು. "ನೋವು ಬಲಗಡೆ ಕಣಮ್ಮ, ನೀನು ಎಡಗೈಯಲ್ಲಿ ಹಿಡಿ ಅಂತೀಯಲ್ಲ" ಅಂತ ನನಗೇ ತಿದ್ದಿದರು. ಎರಡೂ ಥರ ಹಿಡಿದು ಅಂಗಳದಲ್ಲಿ ಒಂದೊಂದು ಸುತ್ತು ಹಾಕಿ, ಯಾವುದು ಹಗುರ ಅಂತ ನೀವೇ ಹೇಳಿ ಅಂದೆ. "ಆಯ್ತು, ಸಾಯಂಕಾಲ ಬಿಸಿಲು ಇಳೀಲಿ, ನೋಡ್ತೀನಿ" ಅಂತ ಫೋನ್ ಇಟ್ಟರು.