ಒಂದು ಹಿಡಿ ಕೆಮ್ಮಣ್ಣು

ಇವತ್ತು ಪ್ರೆಸ್ಸಿನಿಂದ ಪ್ರೂಫ್ ಬಂತು. 32 ಪುಟಗಳ ನಮ್ಮ ಪುಟ್ಟ ಡಿಸೈನ್ ಪತ್ರಿಕೆ, ಈ ಸಲ ಪೂರ್ತಿ ಹಸೆ ಚಿತ್ತಾರದ ಬಗ್ಗೆ. ಮುಖಪುಟ ನೋಡಿ ಎದೆ ಧಸಕ್ ಅಂತು. ಕೆಮ್ಮಣ್ಣಿನ ಬಣ್ಣ ಕಿತ್ತಳೆಗೆ ತಿರುಗಿತ್ತು.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಮನೆಗಳ ಹೆಣ್ಣುಮಕ್ಕಳು ಬರೆಯುವ ಚಿತ್ತಾರ ಇದು. ಗೋಡೆಗೆ ಕೆಮ್ಮಣ್ಣು. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚ ಅಂದರೆ ಪುಂಡಿ ನಾರು, ಅಷ್ಟೇ.

ಹೋದ ವಾರ ನಮ್ಮ ಗ್ಯಾಲರಿಯಲ್ಲಿ (ಬಾಡಿಗೆ ಮನೆಯ ಪಡಸಾಲೆಯೇ ನಮ್ಮ ಗ್ಯಾಲರಿ) ಒಬ್ಬ ಅಜ್ಜಿ ಬಂದು ಗೋಡೆ ಮೇಲೆ ಬರೆದರು. ಸ್ಕೇಲ್ ಇಲ್ಲ, ಪೆನ್ಸಿಲ್ ಇಲ್ಲ. ನಾರನ್ನು ಹಿಟ್ಟಿನಲ್ಲಿ ಅದ್ದಿ, ಉಸಿರು ಹಿಡಿದು ಒಂದೇ ಗೆರೆ ಎಳೆದರು. ಮಾರುದ್ದದ ಗೆರೆ, ಎಲ್ಲೂ ನಡುಗಲಿಲ್ಲ. ನೋಡಲು ಬಂದಿದ್ದ ಶಾಲೆ ಮಕ್ಕಳೂ ಸದ್ದಿಲ್ಲದೆ ಕೂತಿದ್ದರು. ಒಬ್ಬ ಹುಡುಗಿ ಮಾತ್ರ ಮೆಲ್ಲಗೆ, "ಅಜ್ಜಿ, ನಂಗೂ ಒಂದು ನಾರು ಕೊಡ್ತೀರಾ?" ಅಂದಳು. ಅಜ್ಜಿ ತಮ್ಮ ಕೈಯಲ್ಲಿದ್ದದ್ದನ್ನೇ ಕೊಟ್ಟುಬಿಟ್ಟರು.

ಇಂಥ ಸಂಜೆಗಾಗಿಯೇ ಅಲ್ವಾ ಇದನ್ನೆಲ್ಲ ನಡೆಸೋದು? ಚಂದಾ ಹಣ ಕಾಗದ, ಬಾಡಿಗೆಗೇ ಮುಗಿಯುತ್ತದೆ, ನಿಜ. ಆದರೂ ಆ ಕೆಂಪನ್ನು ಸುಮ್ನೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮಾಮೂಲಿ ನಾಲ್ಕು ಇಂಕಿನಲ್ಲಿ ಅದು ಕೂರುತ್ತಿಲ್ಲ. ಮುಖಪುಟಕ್ಕೆ ಐದನೆಯ ಇಂಕು ಬೇರೆಯಾಗಿ ಬೆರೆಸಬೇಕು, ಇನ್ನೊಂದು ಪ್ಲೇಟ್ ಬೇಕು. ಖರ್ಚು ಜಾಸ್ತಿ. ಆಗಲಿ ಅಂದುಕೊಂಡೆ.

ನಾಳೆ ಬೆಳಿಗ್ಗೆ ಒಂದು ಹಿಡಿ ಕೆಮ್ಮಣ್ಣು ಪೊಟ್ಟಣ ಕಟ್ಟಿಕೊಂಡು ಪ್ರೆಸ್ಸಿಗೆ ಹೊರಡುತ್ತಿದ್ದೇನೆ.