ಸಂಜೆಯ ಪಗಾರ

ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟರೆ, 40 ದಿನ. ಕ್ರೈಸ್ತರಿಗೆ ಇದು ಲೆಂಟ್, ಉಪವಾಸದ ಕಾಲ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವ ನಮಗೆ ಹೆಚ್ಚುಕಡಿಮೆ ಇವೇ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ದಿನಗಳು. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಗಳ ಮೇಲೆ ಹರವುತ್ತೇವೆ. ಸುಮಾರು ಎರಡು ವಾರಕ್ಕೆ ಒಣಗುತ್ತವೆ. ಆಮೇಲೆ ಹೆಣ್ಣುಮಕ್ಕಳು ಕೂತು ಕಡ್ಡಿ ಬಿಡಿಸಿ ಆರಿಸುತ್ತಾರೆ.

ನಮ್ಮ ಅಜ್ಜಿಯ ತವರು ಗುಳೇದಗುಡ್ಡ. ರವಿಕೆಯ ಖಣ ನೇಯುವ ಮಗ್ಗಗಳ ಊರು, 1851ರಲ್ಲಿ ಬಾಸೆಲ್ ಮಿಷನ್‌ನ ಕ್ರೈಸ್ತ ಪಾದ್ರಿಗಳು ನೆಲೆ ಹಾಕಿದ ಊರು. ಲೆಂಟ್ ಬಂತೆಂದರೆ ಅಜ್ಜಿ ಮಾಂಸ ಬಿಡುತ್ತಿದ್ದಳು. ಅದಕ್ಕಿಂತ ಜಾಸ್ತಿ ಅವಳಿಗಿದ್ದ ಚಿಂತೆ, ಬೇರೆಯವರ ದುಡ್ಡು ಮನೆಯಲ್ಲಿ ಉಳಿಯಬಾರದು ಎನ್ನುವುದು. ಶುಭ ಶುಕ್ರವಾರದೊಳಗೆ ಅಂಗಡಿಯ ಉದ್ದರಿ, ಹಾಲಿನವರ ಬಾಕಿ ಎಲ್ಲ ಚುಕ್ತಾ ಆಗಲೇಬೇಕು.

ಈ ವರ್ಷ ನಾನು ಹೊತ್ತ ಹರಕೆಯೂ ಅಂಥದ್ದೇ. ದುಡಿದವರ ಪಗಾರ ಅವತ್ತಿನ ಸಂಜೆಯೇ, ದುಡಿದವರ ಕೈಗೇ. ಹೊತ್ತು ಮುಳುಗುವ ಮುಂಚೆ ಕೂಲಿ ಕೊಡಬೇಕು ಎಂದು ಬೈಬಲ್‌ನ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿದೆ. ಎಷ್ಟೋ ಸಲ ಓದಿದ್ದೆ. ಆದರೂ ವಾರಕ್ಕೊಮ್ಮೆ ಲೆಕ್ಕ ಮಾಡಿ ಫೋನಿನಿಂದ ಕಳಿಸುತ್ತಿದ್ದೆ. ಸುಲಭ ಅಲ್ವಾ? ಆದರೆ ಎಂಟು ಹೆಣ್ಣುಮಕ್ಕಳಲ್ಲಿ ಐವರ ದುಡ್ಡು ಹೋಗುತ್ತಿದ್ದದ್ದು ಗಂಡಂದಿರ ನಂಬರಿಗೆ. ಅದರಲ್ಲಿ ಇವರ ಕೈಗೆ ಎಷ್ಟು ಬರುತ್ತಿತ್ತು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಪ್ರತಿ ಭಾನುವಾರ ದೇವರಲ್ಲಿ, ಯೇಸು ಕಲಿಸಿದ ಪ್ರಾರ್ಥನೆಯಂತೆ, "ನಿನ್ನ ರಾಜ್ಯವು ಬರಲಿ" ಎಂದು ಮಾತ್ರ ಬೇಡುತ್ತಿದ್ದೆ.

ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ. ಕಾಯಕ, ದಾಸೋಹ ಎಂದರೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಂಥ ನೆಲದಲ್ಲಿ ಕ್ರೈಸ್ತನೊಬ್ಬ ದೇವರ ರಾಜ್ಯ ಎಂದರೆ ಜನ ಮೊದಲು ಅವನ ಕೊಡು-ಕೊಳ್ಳುವುದನ್ನು ನೋಡುತ್ತಾರೆ. ನೋಡಲಿ, ನೋಡಬೇಕು ಕೂಡ.

ಹರಕೆಯ ಮೂರನೇ ವಾರ. ಒಬ್ಬಾಕೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಕೂಸಿಗೆ ಜ್ವರ, ದವಾಖಾನೆಯಲ್ಲಿ ಪಾಳಿ ಹಚ್ಚಿ ಬಂದಿದ್ದಳು. ಕೂತವಳು ಸಂಜೆವರೆಗೆ ತಲೆ ಎತ್ತಲಿಲ್ಲ. ಮಣೂಕದ ಅಂಟಿಗೆ ಬೆರಳುಗಳು ಕಪ್ಪಾಗಿದ್ದವು. ದುಡ್ಡು ಕೊಡುವಾಗ, "ಅರ್ಧಾ ಕೊಡ್ರಿ ಸಾಕು" ಎಂದು ಅಂಗೈ ಮುಂದೆ ಮಾಡಿದಳು.

ಬೈಬಲ್‌ನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ ನನಗೆ ಬಾಯಿಪಾಠ. ಅದೂ ದ್ರಾಕ್ಷಿತೋಟದ ಕಥೆಯೇ. ಯಜಮಾನ ಬೆಳಗ್ಗೆಯಿಂದ ಐದು ಸಲ ಹೋಗಿ ಆಳು ಕರೆಯುತ್ತಾನೆ. ಹೊತ್ತು ಮುಳುಗಲು ಒಂದು ತಾಸಿರುವಾಗ ಬಂದವರಿಗೂ ಇಡೀ ದಿನದ ಕೂಲಿ ಕೊಡುತ್ತಾನೆ. ಯಾಕೆ ಸುಮ್ನೆ ನಿಂತಿದ್ದೀರಿ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: ನಮ್ಮನ್ನು ಯಾರೂ ಕರೆಯಲಿಲ್ಲ. ಅರ್ಧ ದಿನ ದುಡಿದಳೆಂದು ಅವಳ ಮನೆಯಲ್ಲಿ ಹಸಿವೂ ಅರ್ಧ ಆಗುತ್ತದೆಯೇ?

ಪೂರ್ತಿ ಕೊಟ್ಟೆ. ಹಿಂದಿನಿಂದ ಹಿರಿಯಾಕೆ, "ನಾವು ಮುಂಜಾನಿಂದ ಕುಂತೀವ್ರಿ" ಎಂದಳು. ಕಥೆಯಲ್ಲೂ ಹೀಗೇ ಗೊಣಗುತ್ತಾರೆ. ನನ್ನದನ್ನು ನನ್ನ ಇಷ್ಟದಂತೆ ಕೊಡಬಾರದೇ ಎಂದು ಯಜಮಾನ ಕೇಳುತ್ತಾನೆ. ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಇಷ್ಟು ವರ್ಷ ಅವರ ದುಡ್ಡನ್ನು ವಾರವಿಡೀ ನನ್ನ ಬಳಿ ಇಟ್ಟುಕೊಂಡವನು ನಾನು.

ಮರುದಿನ ಎಲ್ಲರ ಮುಂದೆ ಹೇಳಿದೆ: ದವಾಖಾನೆಗೆ ಹೋಗಿ ತಡವಾದರೆ ಯಾರ ಪಗಾರವನ್ನೂ ಕತ್ತರಿಸುವುದಿಲ್ಲ. ಯಾರೂ ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ ಆ ಹಿರಿಯಾಕೆ ಕಡ್ಡಿ ಬಿಡಿಸುತ್ತಲೇ, "ಮಂಗಳವಾರ ನಂದೂ ಕಣ್ಣು ತೋರ್ಸೋದೈತ್ರಿ" ಎಂದಳು.

ನಾಳೆ ಮಂಗಳವಾರ. ಎಂಟು ಮಂದಿಯ ಪಗಾರಕ್ಕೆ ಬ್ಯಾಂಕಿನಿಂದ ಸಣ್ಣ ನೋಟು ತಂದು ಬೈಬಲ್ ಪಕ್ಕದಲ್ಲೇ ಇಟ್ಟಿದ್ದೇನೆ.